ಬಿಸಿಲು ಬಂದರೆ ಹಿಮಕುಸಿತದ ಭಯವಿಲ್ಲವೇ?

ಪ್ರಶ್ನೆ: ನನ್ನ ಮಗ ಜನವರಿಯಲ್ಲಿ ಗೆಳೆಯರೊಡನೆ ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೊರಟಿದ್ದಾನೆ. ತಡಿಯಂಡಮೋಳನ್ನು ಹಲವು ಬಾರಿ ಹತ್ತಿದವನು. ಹಿಮ ಬೀಳುವಾಗ ಡೇರೆಯಲ್ಲಿದ್ದು, ಬಿಸಿಲು ಬಂದ ಮೇಲೆ ನಡೆದರೆ ಹಿಮಕುಸಿತದ ಭಯವಿಲ್ಲ ಎನ್ನುತ್ತಾನೆ. ಇದು ನಿಜವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಹಿಮ ಬೀಳುವಾಗ ಡೇರೆಯಲ್ಲಿ ಉಳಿಯುವುದು ಸರಿ, ಬಿಸಿಲು ಬಂದೊಡನೆ ಭಯ ಕಳೆಯಿತೆಂಬುದು ಸರಿಯಲ್ಲ. ಭಾರೀ ಹಿಮ ಬಿದ್ದ ನಂತರದ ಒಂದೆರಡು ದಿನಗಳು, ಅದರಲ್ಲೂ ಜೋರು ಗಾಳಿ ಬೀಸಿದ್ದರೆ, ಬಹಳ ಅಪಾಯಕಾರಿ. ಗಾಳಿಯು ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಕೆರೆದು ಮರೆಯ ಮಗ್ಗುಲಿನಲ್ಲಿ ಗಟ್ಟಿ ಪದರವಾಗಿ ಪೇರಿಸುತ್ತದೆ. ಅದರಡಿಯಲ್ಲಿ ಹಳೆಯ ಹಿಮ ಸಕ್ಕರೆಯಂತೆ ಬಿಡಿಬಿಡಿಯಾಗಿದ್ದರೆ ಒಬ್ಬ ಮನುಷ್ಯನ ತೂಕಕ್ಕೇ ಇಡೀ ಪದರ ಮುರಿದು ಜಾರಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಸುತ್ತ ಗುಡ್ಡಗಳು ಜಾರಿದ್ದನ್ನು ಕಂಡ ನಮಗೆ ಕುಸಿತವೆಂದರೆ ಮಳೆಯ ಕೆಲಸ. ಆದರೆ ಹಿಮಕುಸಿತಕ್ಕೆ ಬಲಿಯಾದ ಚಾರಣಿಗರಲ್ಲಿ ಹೆಚ್ಚಿನವರ ವಿಷಯದಲ್ಲಿ ಹಿಮವನ್ನು ಜಾರಿಸಿದ್ದು ಅವರದೇ ಅಥವಾ ಜೊತೆಗಾರರ ಹೆಜ್ಜೆ.

ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠದ ರೂಢಿಯ ದಾರಿ ಬಹುಮಟ್ಟಿಗೆ ಕಾಡಿನೊಳಗೆ ಸಾಗುವುದರಿಂದ ಅಷ್ಟು ಗಾಬರಿ ಬೇಡ. ಶಿಖರದ ಕೆಳಗಿನ ಬೋಳು ಇಳಿಜಾರಿನಲ್ಲಿ ಮಾತ್ರ ಎಚ್ಚರ ಬೇಕು. ಕಾಲಿಟ್ಟಾಗ ಅಡಿಯಿಂದ ‘ದಬ್’ ಎಂದು ಹಿಮ ಕುಸಿದ ಸದ್ದು ಬಂದರೆ, ಹೆಜ್ಜೆಯ ಬುಡದಿಂದ ಬಿರುಕು ಮುಂದಕ್ಕೆ ಓಡಿದರೆ, ಶಿಖರ ಎಷ್ಟೇ ಹತ್ತಿರವಿದ್ದರೂ ಹಿಂದಿರುಗಬೇಕು.

2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಬಳಿಕ ಜೀವಂತ ಸಿಕ್ಕಿದ್ದನ್ನು ಹಲವರು ನೆನೆಯುತ್ತಾರೆ. ಅವರೂ ಆಸ್ಪತ್ರೆಯಲ್ಲಿ ಉಳಿಯಲಿಲ್ಲ. ಸಾಮಾನ್ಯವಾಗಿ ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಕಾಲು ಗಂಟೆ ಕಳೆಯುವಷ್ಟರಲ್ಲಿ ಕುಸಿಯತೊಡಗುತ್ತದೆ, ಆದ್ದರಿಂದ ಹೊರಗಿನ ನೆರವಿಗೆ ಕಾಯುವಂತಿಲ್ಲ. ಬೋಳು ಇಳಿಜಾರನ್ನು ದಾಟುವಾಗ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಟ್ರಾನ್ಸೀವರ್, ಹಿಮ ಚುಚ್ಚಿ ಹುಡುಕುವ ಉದ್ದ ಸರಳು ಮತ್ತು ಸಲಿಕೆ ಇರುತ್ತವೆಯೇ ಎಂದು ಚಾರಣ ಏರ್ಪಡಿಸಿದವರನ್ನು ಕೇಳಿ. ಚಂಡೀಗಢದಲ್ಲಿರುವ ಡಿ.ಆರ್.ಡಿ.ಓ. ಪ್ರಯೋಗಾಲಯ ಡಿ.ಜಿ.ಆರ್.ಇ. ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ; ಅದನ್ನು ಅವರು ನೋಡುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಜೀನ್ಸ್, ಹತ್ತಿಯ ಬನಿಯನ್ ಬೇಡವೇ ಬೇಡ, ಒದ್ದೆಯಾದರೆ ಅವು ಮೈಶಾಖವನ್ನು ಕಳೆಯುತ್ತವೆ.

ವಾಪಸಿನ ರೈಲು ಟಿಕೆಟನ್ನು ಚಾರಣ ಮುಗಿದ ಮರುದಿನಕ್ಕೇ ತೆಗೆದಿದ್ದರೆ ಈಗಲೇ ಎರಡು ದಿನ ಮುಂದಕ್ಕೆ ಹಾಕಿಸಿ. ಹಿಮ ಬಿದ್ದ ಮೇಲೆ ಕಾಯೋಣವೆಂದರೆ ಕೈಯಲ್ಲಿ ದಿನಗಳಿರಬೇಕು.