ನಮ್ಮ ಚರ್ಚಿನ ಸಭೆಯ ಚುನಾವಣೆಯಲ್ಲಿ ತಪ್ಪು ವ್ಯಕ್ತಿಗೆ ವೋಟು ಹಾಕಿದರೆ ನನ್ನ ನಿತ್ಯಜೀವಕ್ಕೆ ತೊಂದರೆ ಆಗುತ್ತದೆಯೇ?

ನಿಮ್ಮಲ್ಲಿ ಈ ಭಯ ಹುಟ್ಟಿಸಿದವರು ಯಾರೋ ಗೊತ್ತಿಲ್ಲ. ನಮ್ಮ ಸಭೆಯಲ್ಲಿ ಹುಟ್ಟಿಸಿದವನು ನಾನೇ.

ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯ ಚುನಾವಣೆ ಇತ್ತು. ಖಜಾಂಚಿ ಕೆಲಸಕ್ಕೆ ನಿಂತಿದ್ದ ಒಬ್ಬರ ಪರವಾಗಿ ಮನೆ ಮನೆ ಸುತ್ತಿದೆ. ಅವರು ಪ್ರಾರ್ಥನೆ ಮಾಡಿದರೆ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ನನ್ನ ಕೈಯಲ್ಲಿ ಬೈಬಲಿನ 1 ತಿಮೊಥೆಯ 3ನೇ ಅಧ್ಯಾಯ, ಸಭೆ ನಡೆಸುವವನು ಹೇಗಿರಬೇಕು ಅಂತ ಹೇಳುವ ಭಾಗ. ಕುಡಿಯುವವನಾಗಿರಬಾರದು, ಸರಿ. ಜಗಳಗಂಟನಾಗಿರಬಾರದು, ಸರಿ. ಮನೆಯನ್ನು ಚೆನ್ನಾಗಿ ನಡೆಸುತ್ತಿರಬೇಕು, ಅದೂ ಸರಿ. ಹೊಸ ವಿಶ್ವಾಸಿ ಆಗಿರಬಾರದು. ಅವರದು ತಾತನ ಕಾಲದಿಂದ ಕ್ರೈಸ್ತ ಮನೆ. ಅಲ್ಲಿಗೆ ಪುಸ್ತಕ ಮುಚ್ಚಿದೆ. 7ನೇ ವಚನ ಓದಲೇ ಇಲ್ಲ: ಸಭೆಯ ಹೊರಗಿನವರ ಬಾಯಲ್ಲೂ ಒಳ್ಳೆಯ ಹೆಸರು ಇರಬೇಕು. ಸಿಮೆಂಟ್ ಅಂಗಡಿಯವರಿಗೆ, ಚೀಟಿ ನಡೆಸುವವರಿಗೆ ಅವರ ಬಾಕಿಗಳೆಲ್ಲ ಗೊತ್ತಿದ್ದವು. ಭಾನುವಾರ ಮಾತ್ರ ಅವರನ್ನು ನೋಡುತ್ತಿದ್ದ ನಮಗೆ ಗೊತ್ತಿರಲಿಲ್ಲ.

ಇಷ್ಟನ್ನು ದಡ್ಡತನ ಅನ್ನಬಹುದು. ಕೆಟ್ಟದ್ದು ಮುಂದಿನದು. ಆ ಮನುಷ್ಯನಿಗೆ ವೋಟು ಹಾಕಲು ನಮ್ಮ ದೊಡ್ಡಮ್ಮ ಒಪ್ಪಲಿಲ್ಲ. "ಯಾಕೋ ಮನಸ್ಸಿಲ್ಲ ಮಗಾ" ಅಂದರು. ನಾನು ಸುಮ್ನೆ ಎದ್ದು ಬರಬಹುದಿತ್ತು. "ದೇವರು ಆರಿಸಿದವರನ್ನು ಬೇಡ ಅಂದರೆ ಪರಲೋಕದಲ್ಲಿ ಲೆಕ್ಕ ಕೊಡಬೇಕಾಗುತ್ತೆ ದೊಡ್ಡಮ್ಮ" ಅಂದೆ. ದೇವರು ಆರಿಸಿದ್ದಾರೆ ಅಂತ ನನಗೆ ಹೇಳಿದವರಾರು? ಯಾರೂ ಇಲ್ಲ. ಗೆಲ್ಲಬೇಕಿತ್ತು, ಅಷ್ಟೇ. ವಯಸ್ಸಾದವರ ಹತ್ತಿರ ಪರಲೋಕದ ಮಾತು ಎತ್ತಿದರೆ ಎದುರು ಮಾತಾಡುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಹೆದರಿ ವೋಟು ಹಾಕಿದರು. ಸಮಾಧಿ ಜಾಗದ ಕಾಂಪೌಂಡ್ ಗೋಡೆಗೆ ಅಂತ ತಮ್ಮ ಉಳಿತಾಯವನ್ನೂ ಕೊಟ್ಟರು. ಗೋಡೆ ಏಳಲಿಲ್ಲ, ಲೆಕ್ಕ ಸಿಗಲಿಲ್ಲ. ದೊಡ್ಡಮ್ಮ ಏನೂ ಅನ್ನಲಿಲ್ಲ. ಅವರ ಮಗ ಮಾತ್ರ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ, ಆರಾಧನೆಗೂ ಬರುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರಕ್ಷಣೆ ಕೃಪೆಯಿಂದ, ನಮ್ಮ ಕ್ರಿಯೆಗಳಿಂದಲ್ಲ ಅಂತ ಎಫೆಸ 2ರಲ್ಲಿದೆ. ನನ್ನ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಅಂತ ಯೇಸು ಸ್ವಾಮಿ ಹೇಳಿದ್ದು ಯೋಹಾನ 10ರಲ್ಲಿ. ಬ್ಯಾಲೆಟ್ ಪೇಪರ್ ಕಿತ್ತುಕೊಳ್ಳುತ್ತದಾ?

ಮಾರ್ಕ 10 ಓದಿ. ನಿತ್ಯಜೀವಕ್ಕೆ ಏನು ಮಾಡಬೇಕು ಅಂತ ಐಶ್ವರ್ಯವಂತನೊಬ್ಬ ಕೇಳುವುದು ಅಲ್ಲೇ. ಶಿಷ್ಯರಾದ ಯಾಕೋಬ, ಯೋಹಾನರು ಯೇಸುವಿನ ಬಲಗಡೆ ಎಡಗಡೆ ಸೀಟು ಕೇಳುವುದೂ ಅದೇ ಅಧ್ಯಾಯದಲ್ಲಿ. ಆ ಐಶ್ವರ್ಯವಂತನಿಗೆ ಯೇಸು ಆಸ್ತಿ ಮಾರಿ ಬಡವರಿಗೆ ಕೊಡು ಅಂದರು. ಈ ಇಬ್ಬರಿಗೆ, ಮೊದಲನೆಯವನಾಗಬೇಕಾದವನು ಎಲ್ಲರ ಆಳಾಗಲಿ ಅಂದರು. ವೋಟು ಕೇಳುವವರು ಇದನ್ನು ಓದಿ ಹೆದರಬೇಕು, ನೀವಲ್ಲ.

ಚೀಟಿ ಎತ್ತೋಣ, ಯೂದನ ಜಾಗಕ್ಕೆ ಅಪೊಸ್ತಲನಾಗಿ ಮತ್ತೀಯನನ್ನು ಆರಿಸಿದ್ದು ಹಾಗೇ ಅಲ್ವಾ ಅನ್ನುವವರೂ ನಿಮ್ಮಲ್ಲಿ ಇರುತ್ತಾರೆ. ಅದು ಪೆಂತೆಕೊಸ್ತಿಗೆ, ಅಂದರೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನಕ್ಕೆ, ಮುಂಚೆ. ಅದಾದ ಮೇಲೆ, ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಅನ್ಯಾಯವಾಗುತ್ತಿದೆ ಅಂತ ದೂರು ಬಂತು. ಆಗ ಸ್ತೆಫನ ಸೇರಿ 7 ಜನರನ್ನು ಸಭೆಯೇ ಆರಿಸಿತು. ಏಳೂ ಗ್ರೀಕ್ ಹೆಸರುಗಳು. ನೊಂದವರ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ.

ಈಗ ಚುನಾವಣೆಗೆ ನಿಂತವರನ್ನೆಲ್ಲ ನಾನು ಕೇಳುವುದು ಒಂದೇ. ಮೂರು ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಲೆಕ್ಕ ಓದುತ್ತೀರಾ? ಸಿಟ್ಟು ಮಾಡಿಕೊಂಡವರಿಗೆ ನನ್ನ ವೋಟಿಲ್ಲ. ನೀವೂ ಕೇಳಿ, ಎಲ್ಲರ ಎದುರಿಗೇ ಕೇಳಿ.