ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಕಟ್ಟಿದ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಹಲಸಿನ ಮರ ಕೊರೆಯುವಾಗ ಅದುರುತ್ತದೆ. ಕಡಿಮೆ ಖರ್ಚಿನಲ್ಲಿ ಮೊದಲು ಏನು ಬದಲಿಸಲಿ?

ಮೊದಲು ಚೌಕಟ್ಟು. ಅದು ಗಟ್ಟಿಯಾಗದೆ ದೊಡ್ಡ ಮೋಟಾರು ತಂದರೆ ಸುಮ್ನೆ ದುಡ್ಡು ದಂಡ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಎಂಡಿಎಫ್ ತೇವ ಹೀರಿ ಉಬ್ಬುತ್ತದೆ, ಯಂತ್ರದ ಭಾಗಗಳು ಜಾರುವ ರೈಲುಗಳ ನೇರ ತಪ್ಪುತ್ತದೆ. ಗುಜರಿಯಲ್ಲಿ ಕಬ್ಬಿಣದ ಚೌಕ ಪೈಪು ಹುಡುಕಿ, ವೆಲ್ಡಿಂಗ್ ಮಾಡಿಸಿ. ಬಿಸಿಗೆ ಪೈಪು ಸ್ವಲ್ಪ ಬಾಗಿಯೇ ಬಾಗುತ್ತದೆ. ರೈಲಿನಡಿ ತೆಳು ತಗಡಿನ ಚೂರು ಕೊಟ್ಟು ಮಟ್ಟ ಮಾಡಿ. ಈ ಕೆಲಸಕ್ಕೆ ತಾಳ್ಮೆ ಜಾಸ್ತಿ ಬೇಕು. ತುದಿಗಳಲ್ಲಷ್ಟೇ ಆಧಾರವಿರುವ ಸರಳು ಬೇಡ, ಉದ್ದಕ್ಕೂ ಆಧಾರವಿರುವ ಎಸ್‌ಬಿಆರ್ ರೈಲು ಹಾಕಿ.

ದುಡ್ಡು ಉಳಿದರೆ 1605 ಬಾಲ್ ಸ್ಕ್ರೂ ಹಾಕಿ, ಅಂದರೆ ಮೋಟಾರು ತಿರುಗಿಸಿದಂತೆ ಯಂತ್ರದ ಭಾಗವನ್ನು ಸರಿಸುವ ತಿರುಪು. ಒಂದು ಸುತ್ತಿಗೆ 5 ಮಿ.ಮೀ. ಸರಿಯುತ್ತದೆ. ಒಂದು ಸುತ್ತಿಗೆ 200 ಸ್ಟೆಪ್‌ನ ಮೋಟಾರಿಗೆ 8 ಮೈಕ್ರೋಸ್ಟೆಪ್ (ಒಂದು ಸ್ಟೆಪ್‌ಗೆ 8 ಭಾಗ) ಇಟ್ಟರೆ 1600 ಆಯಿತು, 5ರಿಂದ ಭಾಗಿಸಿದರೆ ಮಿ.ಮೀ.ಗೆ 320. ಯಂತ್ರ ನಡೆಸುವ ಜಿಆರ್‌ಬಿಎಲ್ ತಂತ್ರಾಂಶದಲ್ಲಿ ಎಕ್ಸ್ ಅಕ್ಷದ $100 ಎಂಬ ಸೆಟ್ಟಿಂಗಿಗೆ ಇದನ್ನೇ ಕೊಡಿ. ಇದೆಲ್ಲ ಬದಲಿಸುವವರೆಗೆ ಒಂದೇ ಸಲ ಆಳಕ್ಕೆ ಇಳಿಸದೆ ಪದರ ಪದರವಾಗಿ ಕೊರೆಯಿರಿ.