ಕಾಫಿ ಕೊಯ್ಲಿನ ಹೊತ್ತಲ್ಲಿ ಎರಡು ವಾರ ಶಾಲೆ ತಪ್ಪಿದರೆ ಮಗು ಅಷ್ಟೊಂದು ಹಿಂದೆ ಬೀಳುವುದೇಕೆ?

ತಪ್ಪಿದ ಪಾಠದ ಜೊತೆಗೆ, ಅದರ ಮೇಲೆ ನಿಲ್ಲಬೇಕಾದ ಮುಂದಿನ ಪಾಠವೂ ಕೈತಪ್ಪುತ್ತದೆ, ಅದಕ್ಕೇ. 1ರಿಂದ 3ನೇ ತರಗತಿಯಲ್ಲಿ ಓದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಅಕ್ಷರ, ಕಾಗುಣಿತ, ಒತ್ತಕ್ಷರ. ಒತ್ತಕ್ಷರ ಕಲಿಸುವ ವಾರ ಮಗು ಇಲ್ಲದಿದ್ದರೆ ಅಕ್ಕಿ, ಹಣ್ಣು ಎಂಬ ಪದಗಳಲ್ಲೇ ತಡವರಿಸುತ್ತದೆ. ಆಮೇಲೆ ಲೆಕ್ಕದ ಪ್ರಶ್ನೆಯೂ ಓದಲಾಗದು. ಮೂಡಿಗೆರೆ, ಸಕಲೇಶಪುರದ ಕಡೆ ಕೊಯ್ಲು ಜೋರಾಗುವುದು ಡಿಸೆಂಬರ್, ಜನವರಿಯಲ್ಲಿ, ಶಾಲೆಯ ಎರಡನೇ ಅವಧಿಯ ನಡುವೆ.

ನೀವು ಕೊಯ್ಲಿಗೆ ಹೋದಾಗ ತಮ್ಮನನ್ನು ನೋಡಿಕೊಳ್ಳಲೆಂದು ಅಕ್ಕನನ್ನು ಲೈನ್ ಮನೆಯಲ್ಲಿ (ತೋಟದ ಕೂಲಿಗಾರರ ಸಾಲುಮನೆಯಲ್ಲಿ) ನಿಲ್ಲಿಸುವ ಕಷ್ಟ ನನಗೆ ಗೊತ್ತು. ಮೂರು ವರ್ಷ ತುಂಬಿದ ಮಗುವಾದರೆ ಅಂಗನವಾಡಿಗೆ ಬಿಡಿ, ಅಕ್ಕ ಶಾಲೆಗೆ ಹೋಗಲಿ. ಆದರೂ ತಪ್ಪಿದರೆ, ಯಾವ ಮೆಟ್ಟಿಲು ಬಿಟ್ಟುಹೋಗಿದೆ ಎಂದು ಟೀಚರನ್ನು ಕೇಳಿ. ಅಲ್ಲಿಂದಲೇ ದಿನಾ ರಾತ್ರಿ 10 ನಿಮಿಷ ಓದಿಸಿ. ನಿಮಗೆ ಓದಲು ಬಾರದಿದ್ದರೂ ಪಕ್ಕ ಕೂತು ಕೇಳಿಸಿಕೊಳ್ಳಿ.